ಟೀಚರ್ ಇಲ್ಲದ ಆಟಿ ಅಮಾವಾಸ್ಯೆ

24 ಜುಲೈ 2025, ಗುರುವಾರ
ಉಡುಪಿ

ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ, ಗೇಟಿನ ಸದ್ದಾಯಿತು. ನೋಡಿದರೆ ಬೊಂಬಾಯಿ ಮಾಮ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕಷಾಯದ ಬಾಟಲಿ. ಪ್ರತಿ ವರ್ಷ ತುಳುವರ ಆಟಿ ತಿಂಗಳ ಅಮಾವಾಸ್ಯೆಗೆ ಅಜ್ಜಿಗೆ ಪಾಲೆ ಮರದ ತೊಗಟೆಯ ಕಷಾಯ ತಂದುಕೊಡುವವರು ಅವರೇ. ಅಜ್ಜಿ ಹೋದದ್ದು ಕಳೆದ ದೀಪಾವಳಿ ಕಳೆದ ಮೇಲೆ, ಹಾಗಾಗಿ ಈ ಸಲ ಬರಲಿಕ್ಕಿಲ್ಲ ಅಂತ ನಾವು ಅಂದುಕೊಂಡಿದ್ದೆವು. ಅಮ್ಮ ಪಕ್ಕದ ಮನೆಯಲ್ಲಿ ಒಂದು ಲೋಟ ಹೇಳಿಟ್ಟಿದ್ದಳು.

"ಟೀಚರ್ ಇಲ್ಲ ಅಂತ ಬಿಡ್ಲಿಕ್ಕಾಗ್ತದಾ ಅಕ್ಕ?" ಅಂದರು. ಅಮ್ಮನೂ ಅವರೂ ಒಂದೇ ಕ್ಲಾಸು, ವಯಸ್ಸೂ ಒಂದೇ, ಆದರೂ ಅವರು ಅಮ್ಮನನ್ನು ಅಕ್ಕ ಅಂತಲೇ ಕರೆಯುವುದು. ಟೀಚರ ಮಗಳಲ್ವಾ.

ಖಾಲಿ ಹೊಟ್ಟೆಗೆ ಒಂದು ಲೋಟ ಕುಡಿದೆವು. ಕಹಿ ನಾಲಿಗೆಯಿಂದ ಹೋಗುವುದೇ ಇಲ್ಲ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ, ಕಾಯಿಸಿದ ಬಿಳಿ ಕಲ್ಲನ್ನು ಅದಕ್ಕೆ ಬಿಟ್ಟು ಒಗ್ಗರಣೆ ಕೊಟ್ಟರೂ ಕಹಿ ಕಹಿಯೇ. ಆಮೇಲೆ ಮೆಂತೆ ಗಂಜಿ. ಗಂಜಿ ಉಣ್ಣುತ್ತಾ ಮಾಮ ಮಾತು ಶುರು ಮಾಡಿದರು.

ಪಾಲೆ ಮರ ಯಾವುದು ಅಂತ ಅವರಿಗೆ ತೋರಿಸಿಕೊಟ್ಟದ್ದೇ ಅಜ್ಜಿಯಂತೆ. ಅಮಾವಾಸ್ಯೆಯ ಹಿಂದಿನ ದಿನ ನಾಲ್ಕನೇ ಕ್ಲಾಸಿನ ಎಲ್ಲರನ್ನೂ ಮರದ ಬುಡಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಗೆಣ್ಣಿನ ಸುತ್ತ ಎಲೆ ಎಣಿಸಿ ಅನ್ನುತ್ತಿದ್ದರು. ಹೆಚ್ಚಾಗಿ ಏಳು ಇರುತ್ತದೆ, ಕೆಲವು ಕಡೆ ಆರು, ಐದು. ಎಲೆ ಮುರಿದರೆ ಬಿಳಿ ಹಾಲು ಬರಬೇಕು. ನಸುಕಿನ ಕತ್ತಲಲ್ಲಿ ತೊಗಟೆ ತೆಗೆಯಲಿಕ್ಕೆ ಹೋಗಿ ಪಾಲೆ ಅಂದುಕೊಂಡು ಕಾಸರಕದ ತೊಗಟೆ ತಂದರೆ ಗತಿ ಏನು? ಅದು ವಿಷ. ಕತ್ತಿ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು ಎನ್ನುವ ಕ್ರಮಕ್ಕೆ ಅಜ್ಜಿ ಅಡ್ಡ ಹೇಳುತ್ತಿರಲಿಲ್ಲ. ಮರ ಮಾತ್ರ ಹಗಲಲ್ಲೇ ನೋಡಿ ಗುರುತು ಮಾಡಿಡಿ ಅನ್ನುತ್ತಿದ್ದರು. ಹಿಂದೆ ಇದೇ ಮರದ ಹಲಗೆಯ ಮೇಲೆ ಮಕ್ಕಳು ಅಕ್ಷರ ತಿದ್ದುತ್ತಿದ್ದರು ಅಂತಲೂ ಹೇಳಿದ್ದರಂತೆ. ಮಾಮನಿಗೆ ಅದೆಲ್ಲ ಇನ್ನೂ ನೆನಪುಂಟು.

ಅಜ್ಜಿಯ ಶಾಲೆ ಇದ್ದದ್ದು ಕೆಮ್ಮಣ್ಣು ಕಡೆಯ ಒಂದು ಕುದ್ರುವಿನಲ್ಲಿ. ಸುತ್ತ ನೀರು, ಹೋಗಬೇಕಾದರೆ ದೋಣಿ. ಮಂಗಳೂರಿನಲ್ಲಿ ಟ್ರೈನಿಂಗ್ ಮುಗಿಸಿ 1955ರಲ್ಲಿ ಕೆಲಸಕ್ಕೆ ಸೇರಿದಾಗ ಸಂಬಳ ಮದ್ರಾಸ್ ಸರ್ಕಾರದ್ದು. ಮರುವರ್ಷ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಗಡಿಬಿಡಿಯಲ್ಲಿ ಸಂಬಳ ತಡವಾಗಿ ಬಂದದ್ದನ್ನು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದರು. ನಡುವೆ ಬೇರೆ ಶಾಲೆಗಳಲ್ಲೂ ಇದ್ದರು, 1994ರಲ್ಲಿ 58 ತುಂಬಿ ನಿವೃತ್ತಿ ಆಯಿತು. ಆದರೆ ಅವರ ಮಾತಿನಲ್ಲಿ "ನಮ್ಮ ಶಾಲೆ" ಅಂದರೆ ಕುದ್ರುವಿನದ್ದೇ.

ಬೀಡಿ ಲೆಕ್ಕದ ಕಥೆಯನ್ನು ಮಾಮ ಮೊದಲೂ ಹೇಳಿದ್ದಾರೆ. ಇವತ್ತು ಹೇಳುವಾಗ ಮಾತ್ರ ಅಜ್ಜಿಯ ಕುರ್ಚಿ ಖಾಲಿ ಇತ್ತು.

ಮಾಮನಿಗೆ ಭಾಗಾಕಾರ ತಲೆಗೆ ಹತ್ತುತ್ತಿರಲಿಲ್ಲ. ಸಂಜೆ ತಾಯಿಯ ಜೊತೆ ಕೂತು ಬೀಡಿ ಕಟ್ಟುವ ಹುಡುಗ, ಪುಸ್ತಕ ಹಿಡಿಯಲಿಕ್ಕೆ ಹೊತ್ತೆಲ್ಲಿ? ಅಜ್ಜಿ ಒಂದು ದಿನ ಪುಸ್ತಕ ಮುಚ್ಚಿಸಿ ಕೇಳಿದರು. "ಒಂದು ಕಟ್ಟಿಗೆ ಎಷ್ಟು ಬೀಡಿ ಮಾರಾಯ?" 25. "ಸಾವಿರ ಬೀಡಿಗೆ ಎಷ್ಟು ಕಟ್ಟು?" ಬೆರಳು ಮಡಚಿ ಮಡಚಿ ಕೊನೆಗೆ 40 ಅಂದರು. "ಬ್ರಾಂಚಿನಲ್ಲಿ 36 ಅಂತ ಬರೆದರೆ ನಿನ್ನ ಅಮ್ಮನ ಎಷ್ಟು ಬೀಡಿ ಹೋಯಿತು?" ನೂರು ಟೀಚರ್. ಅದು ಬಾಯಿಯಿಂದ ಬಂದ ಮೇಲೆ ಹುಡುಗ ಸುಮ್ಮನಾಗಿಬಿಟ್ಟನಂತೆ. ಯಾಕೆಂದರೆ ಅವರ ಮನೆಯ ಲೆಕ್ಕ ನಿಜವಾಗಿಯೂ ಹಾಗೇ ಇತ್ತು. ಬ್ರಾಂಚು ಅಂದರೆ ಕಟ್ಟಿದ ಬೀಡಿಯನ್ನು ಎಣಿಸಿ ತೆಗೆದುಕೊಳ್ಳುವ ಜಾಗ. ಮಳೆಗಾಲದಲ್ಲಿ ದೋಣಿಯಲ್ಲಿ ತಂದ ಬೀಡಿ ಥಂಡಿ ಹಿಡಿದಿದೆ, ಸರಿಯಿಲ್ಲ ಅಂತ ಅಲ್ಲಿನವರು ಬದಿಗಿಡುತ್ತಿದ್ದರು. ಬದಿಗಿಟ್ಟದ್ದನ್ನು ವಾಪಸು ಕೊಡುತ್ತಲೂ ಇರಲಿಲ್ಲ, ದುಡ್ಡೂ ಇಲ್ಲ.

ಆ ಶನಿವಾರ ಅಜ್ಜಿ ಮಾಮನ ತಾಯಿಯ ಜೊತೆ ಬ್ರಾಂಚಿಗೆ ಹೋದರು. ಜಗಳ ಇಲ್ಲ, ಮಾತಿಲ್ಲ. ಕೊಡೆ ಮಡಚಿಕೊಂಡು ಸುಮ್ನೆ ಬಾಗಿಲ ಹತ್ತಿರ ನಿಂತರು. ಒಳಗಿದ್ದವನು ಎರಡು ಸಲ ತಲೆ ಎತ್ತಿ ನೋಡಿದ, ಮತ್ತೆ ಮೊದಲಿನಿಂದ ಎಣಿಸಿದ. 40 ಬರೆದ.

"ಬೊಂಬಾಯಿಯಲ್ಲಿ ಲೋಟ ತೊಳೆಯುವವನಾಗಿ ಸೇರಿದವ ನಾನು. ರಾತ್ರಿ ಶಾಲೆಗೆ ಹೋಗಿ ಗಲ್ಲಾದಲ್ಲಿ ಕೂತೆ. ಅದು ಆ 40ರಿಂದ ಅಕ್ಕ" ಅಂದರು ಮಾಮ. ಕಣ್ಣು ಒರೆಸಿಕೊಂಡರು. ನನಗೂ ತಡೆಯಲಿಕ್ಕಾಗಲಿಲ್ಲ. ಅಮ್ಮ ಎದ್ದು ಗಂಜಿಯ ಪಾತ್ರೆ ಒಳಗೆ ಇಟ್ಟು ಬಂದಳು.

ಆಮೇಲೆ ಆಫೀಸು, ಮಳೆ, ಒದ್ದೆ ಚೂಡಿದಾರ. ಒಗೆದ ಬಟ್ಟೆ ಒಂದೂ ಒಣಗುತ್ತಿಲ್ಲ, ಇಡೀ ಮನೆ ಮುಗ್ಗಲು ವಾಸನೆ.

ಸಂಜೆ ಕರೆಂಟು ಹೋಯಿತು. ಚಾವಡಿಯಲ್ಲಿ ಕೂತಿದ್ದೆವು. ಅಮ್ಮ ತಾನಾಗಿಯೇ ಹೇಳಿದಳು. "ಆ ಶನಿವಾರ ನಾನೂ ಅಲ್ಲಿ ಇದ್ದೆ."

ನನಗೆ ಗೊತ್ತೇ ಇರಲಿಲ್ಲ. ಅಜ್ಜಿಯ ಚೀಲ ಹಿಡಿದುಕೊಂಡು ಹಿಂದೆ ನಿಂತಿದ್ದಳಂತೆ. ಮಧ್ಯಾಹ್ನ ಅವಳಿಗೆ ಸಜ್ಜಿಗೆ ಸಿಕ್ಕಿರಲಿಲ್ಲ. ಶಾಲೆಯಲ್ಲಿ ಕೇರ್ ಅನ್ನುವ ಅಮೆರಿಕದ ನೆರವು ಸಂಸ್ಥೆಯವರ ಗೋಧಿ ನುಚ್ಚಿನ ಸಜ್ಜಿಗೆ ಬಡಿಸುವಾಗ ಅಮ್ಮನ ಸರದಿ ಯಾವಾಗಲೂ ಕೊನೆಗೆ. ಟೀಚರ ಮಗಳಿಗೆ ಮೊದಲು ಕೊಟ್ಟರು ಅಂತ ಯಾರೂ ಹೇಳಬಾರದು, ಅಜ್ಜಿಯದ್ದು ಆ ಒಂದು ಹಟ. ಕೆಲವು ದಿನ ಪಾತ್ರೆ ತಳ ಕಾಣುತ್ತಿತ್ತು. ಆ ದಿನವೂ ಹಾಗೇ ಆಯಿತು. ಮನೆಯಲ್ಲಿ ಇಬ್ಬರು ತಮ್ಮಂದಿರು, ಅಜ್ಜ ಬೊಂಬಾಯಿ ಹೋಟೆಲಿನಲ್ಲಿ, ವರ್ಷಕ್ಕೊಮ್ಮೆ ಬರುವವರು. ಬ್ರಾಂಚಿನ ಲೆಕ್ಕ ಮುಗಿಯುವಾಗ ಕತ್ತಲಾಗಿತ್ತು. ಮನೆಗೆ ಬಂದು ಒಲೆ ಹಚ್ಚಿದ್ದು ಒಂಬತ್ತು ವರ್ಷದ ಅಮ್ಮ. ಅಜ್ಜಿ ಚಿಮಣಿ ದೀಪದ ಹತ್ತಿರ ಕೂತು ಮಕ್ಕಳ ಪಟ್ಟಿ ಪುಸ್ತಕ ತಿದ್ದುತ್ತಿದ್ದರು.

"ಅವನ ಬೀಡಿ ಲೆಕ್ಕಕ್ಕೆ ಅವರಿಗೆ ಹೊತ್ತಿತ್ತು. ನನ್ನ ಜಡೆ ಹಾಕ್ಲಿಕ್ಕೆ ಇರ್ಲಿಲ್ಲ."

ಸಿಟ್ಟಿನಲ್ಲಿ ಹೇಳಿದ್ದಲ್ಲ ಅದು. ಬೇಸರದಲ್ಲಿ ಹೇಳಿದ ಹಾಗೂ ಇರಲಿಲ್ಲ. ಎಷ್ಟೋ ವರ್ಷದಿಂದ ಗೊತ್ತಿದ್ದ ವಿಷಯ ಹೇಳುವ ಹಾಗೆ ಹೇಳಿದಳು.

ನನಗೆ ಎಂತ ಹೇಳಬೇಕು ಅಂತ ತಿಳಿಯಲಿಲ್ಲ. ಯಾಕೆಂದರೆ ನನ್ನ ಜಡೆ ಹಾಕಿದ್ದು ಅಜ್ಜಿಯೇ. ಅವರು ನಿವೃತ್ತಿ ಆದ ವರ್ಷ ನಾನು ಒಂದನೇ ಕ್ಲಾಸು. ತೆಂಗಿನೆಣ್ಣೆ ಹಚ್ಚಿ, ಬಾಚಿ, ಎರಡು ಜಡೆ ಮಡಚಿ ಕಟ್ಟಿ, ದರ ಇಳಿದ ದಿನ ಶಂಕರಪುರ ಮಲ್ಲಿಗೆಯ ತುಂಡು ಸಿಕ್ಕಿಸಿ ಕಳಿಸುತ್ತಿದ್ದರು. ಹತ್ತನೇ ಕ್ಲಾಸಿನವರೆಗೂ. ಗಣಿತದಲ್ಲಿ ಕಡಿಮೆ ಅಂಕ ಬಂದಾಗ "ಹೋಗ್ಲಿ ಬಿಡು, ನಾಳೆ ಕೂತು ನೋಡುವ" ಅಂದ ಅಜ್ಜಿ ಅವರು. ಅದೇ ಕೈ ಅಮ್ಮನಿಗೆ ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಪೆಟ್ಟು ಕೊಡುತ್ತಿತ್ತಂತೆ. ನನ್ನ ಜಡೆ ಕಟ್ಟುವಾಗ ಅಮ್ಮ ಬ್ಯಾಂಕಿಗೆ ಹೊರಡುವ ಗಡಿಬಿಡಿಯಲ್ಲಿ ಆ ಕಡೆ ಈ ಕಡೆ ಓಡಾಡುತ್ತಿದ್ದಳು. ನೋಡುತ್ತಿದ್ದಳಾ? ನೋಡಿಯೇ ನೋಡಿರುತ್ತಾಳೆ.

ಅಜ್ಜಿಗೆ ಇದು ಗೊತ್ತಿತ್ತಾ? ಗೊತ್ತಿತ್ತು ಅಂತಲೇ ನನಗನ್ನಿಸುತ್ತದೆ. ಕೊನೆಯ ವರ್ಷಗಳಲ್ಲಿ ಅಮ್ಮ ಬರುವವರೆಗೆ ಅವರು ಉಣ್ಣುತ್ತಿರಲಿಲ್ಲ. ನಾನು ಬಡಿಸಿದರೆ "ಅವಳು ಬರ್ಲಿ" ಅಂತ ತಟ್ಟೆ ಬದಿಗಿಡುತ್ತಿದ್ದರು. ಮೊದಲು ಅಮ್ಮನಿಗೆ ಬಡಿಸಿಸಿ ಆಮೇಲೆ ತಾವು ಉಣ್ಣುವುದು. ವಯಸ್ಸಾದವರ ಹಟ ಅಂತ ನಾವು ನಗುತ್ತಿದ್ದೆವು. ಸಜ್ಜಿಗೆಯ ವಿಷಯ ಕೇಳಿದ ಮೇಲೆ ಅದು ಬರೀ ಹಟ ಅಂತ ನನಗೆ ಅನ್ನಿಸುತ್ತಿಲ್ಲ.

ಇದನ್ನು ಅಮ್ಮನಿಗೆ ಹೇಳಿದೆ. "ಇರಬಹುದು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಆ ಶನಿವಾರ ಅವರು ಹೋದದ್ದು ಸರಿಯೇ" ಅಂದಳು. "ನಾನಾದ್ರೂ ಹೋಗ್ತಿದ್ದೆ."

ಮಾಮ ಹೇಳಿದ್ದೂ ನಿಜ, ಅಮ್ಮ ಹೇಳಿದ್ದೂ ನಿಜ. ಊರಿನವರು ಅಜ್ಜಿಯನ್ನು ದೇವರು ಅಂದಾಗ ನನಗೆ ಹೆಮ್ಮೆ ಆಗುತ್ತಿತ್ತು, ಈಗಲೂ ಆಗುತ್ತದೆ. ಆದರೆ ದೋಣಿ ಇಳಿದು, ಬ್ರಾಂಚಿಗೆ ಹೋಗಿ, ಮನೆ ಸೇರಿ, ಪಟ್ಟಿ ತಿದ್ದಿ, ಮತ್ತೆ ಬೆಳಿಗ್ಗೆ ದೋಣಿ ಹತ್ತುವ ಮೂವತ್ತಮೂರು ವರ್ಷದ ಒಬ್ಬಳು ಹೆಂಗಸಿನ ಆಯಾಸ ಆ ಹೊಗಳಿಕೆಯಲ್ಲಿ ಎಲ್ಲೂ ಬರುವುದಿಲ್ಲ. ಅವಳ ಮಗಳು ಒಲೆ ಊದಿದ್ದೂ ಬರುವುದಿಲ್ಲ. ವರ್ಷಾಂತಿಕಕ್ಕೆ ಹಳೆಯ ವಿದ್ಯಾರ್ಥಿಗಳೆಲ್ಲ ಬರುತ್ತಾರೆ, ಮಾತಾಡುತ್ತಾರೆ. ಅಮ್ಮನೂ ಎರಡು ಮಾತಾಡಬೇಕು ಅಂತ ನನಗೆ ಆಸೆ. ಅವಳು ಒಪ್ಪಲಿಕ್ಕಿಲ್ಲ.

ಕರೆಂಟು ಬಂತು. ಅಮ್ಮ ಸೀರಿಯಲ್ ಹಾಕಿಕೊಂಡಿದ್ದಾಳೆ.

ಇನ್ನೊಂದು ವಿಷಯ ಕೇಳಬೇಕಿತ್ತು, ಕೇಳಲಿಲ್ಲ. ಡಿಗ್ರಿ ಮುಗಿದ ಮೇಲೆ ಅಮ್ಮನಿಗೆ ಬಿ.ಎಡ್. ಸೀಟು ಸಿಕ್ಕಿತ್ತು ಅಂತ ದೊಡ್ಡ ಮಾವ ಒಮ್ಮೆ ಹೇಳಿದ್ದರು. ಇವಳು ಹೋಗಲಿಲ್ಲ, ಬ್ಯಾಂಕಿನ ಪರೀಕ್ಷೆ ಬರೆದಳು. ಅಜ್ಜಿಯೇ ಬೇಡ ಅಂದದ್ದಾ, ಅಥವಾ ಇವಳೇ