ತೋರಣಗಲ್ಲಿನಿಂದ ಝಾರ್ಸುಗುಡಕ್ಕೆ

ಝಾರ್ಸುಗುಡದ ಕಾರ್ಖಾನೆಯೊಂದರಲ್ಲಿ ಅಕ್ಕನ ಮಗನಿಗೆ ಕೆಲಸ. ಒಡಿಶಾದ ಆ ಊರಿಗೆ ಬಳ್ಳಾರಿಯಿಂದ ಹೋಗುವುದು ಸುಲಭವಲ್ಲ. ನಮ್ಮ ಸ್ಟೇಷನ್ನಿನ ಮೇಲೆ ಹಾಯುವ ಅಮರಾವತಿ ಎಕ್ಸ್‌ಪ್ರೆಸ್ ಹೌರಾ ತನಕ ಓಡುತ್ತದೆ ನಿಜ, ಆದರೆ ಅದು ವಿಶಾಖಪಟ್ಟಣ, ಭುವನೇಶ್ವರ ಅಂತ ಕರಾವಳಿ ಹಿಡಿದು ಹೋಗುತ್ತದೆ. ಝಾರ್ಸುಗುಡ ಒಳನಾಡಿನಲ್ಲೇ ಉಳಿಯುತ್ತದೆ.

ವಿಮಾನದ ಮಾತು ಬಂದಾಗ ಅವನೇ ಫೋನಿನಲ್ಲಿ, "ಮಾವ, ಬೆಂಗ್ಳೂರಿಗೆ ಹೋಗಬ್ಯಾಡ್ರಿ. ಹೈದರಾಬಾದ್ ಮ್ಯಾಲೆ ಬರ್ರಿ" ಅಂದ. ನಕಾಶೆ ತೆಗೆದು ನೋಡಿದೆ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಝಾರ್ಸುಗುಡಕ್ಕೆ ನೇರ ಗೆರೆ ಎಳೆದರೆ ಸುಮಾರು 1,080 ಕಿ.ಮೀ. ಬೆಂಗಳೂರಿನ ಮೇಲೆ ಹೋದರೆ ಮೊದಲು ದಕ್ಷಿಣಕ್ಕೆ 250, ಆಮೇಲೆ ಈಶಾನ್ಯಕ್ಕೆ 1,180. ಹೈದರಾಬಾದ್ ಮಾತ್ರ ಹೆಚ್ಚುಕಡಿಮೆ ಆ ನೇರ ಗೆರೆಯ ಮೇಲೇ ಕೂತಿದೆ: ಅಲ್ಲಿಗೆ 300, ಅಲ್ಲಿಂದ 785. ಸುತ್ತು ಅನ್ನುವುದೇ ಇಲ್ಲ.

ಬಳ್ಳಾರಿಯಿಂದ ತೋರಣಗಲ್ಲಿಗೆ ಕಾರಿನಲ್ಲಿ ಹೋದೆ. ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಈ ದಾರಿ ಬೇಗ ಸಾಗದು. ನಿಲ್ದಾಣ ಸಣ್ಣದು, ತಪಾಸಣೆ ಬೇಗ ಮುಗಿಯಿತು. ಸಿಕ್ಕಿದ್ದು ಎಟಿಆರ್ ಅನ್ನುವ ಸಣ್ಣ ಪ್ರೊಪೆಲರ್ ವಿಮಾನ, ರೆಕ್ಕೆಗಳು ಕಿಟಕಿಗಳಿಗಿಂತ ಮೇಲಿರುತ್ತವೆ. ಇದು ದೊಡ್ಡ ಜೆಟ್‌ಗಳಷ್ಟು ಎತ್ತರ ಏರುವುದಿಲ್ಲ, ನೆಲ ಚೆನ್ನಾಗಿ ಕಾಣುತ್ತದೆ. ಎಡಗಡೆ ಕಿಟಕಿ ಕೇಳಿ ಪಡೆದಿದ್ದೆ. ಸಿರುಗುಪ್ಪದ ಹಸಿರು ಗದ್ದೆಗಳು, ಅವುಗಳನ್ನು ಬಳಸಿ ಹರಿಯುವ ತುಂಗಭದ್ರೆ, ಸ್ವಲ್ಪ ಹೊತ್ತಿಗೆ ರಾಯಚೂರು ಸೀಮೆಯ ಕೃಷ್ಣೆ. ಎರಡು ನದಿಗಳ ನಡುವಿನ ದೋಆಬ್ ಅನ್ನು ಶಾಲೆಯಲ್ಲಿ ಓದಿದ್ದೆವು, ಇಲ್ಲಿ ಕಣ್ತುಂಬ ನೋಡಿದೆ. ಅದೊಂದಕ್ಕಾದರೂ ಈ ವಿಮಾನ ಹತ್ತಬೇಕು.

ಟಿಕೆಟ್ಟಿನಲ್ಲಿ ಹೈದರಾಬಾದಿಗೆ ಒಂದು ಗಂಟೆ ಅಂತಿತ್ತು. ಗಂಟೆಗೆ 500 ಕಿ.ಮೀ. ಓಡುವ ವಿಮಾನಕ್ಕೆ 300 ಕಿ.ಮೀ. ಹೋಗಲು ಒಂದು ಗಂಟೆ ಯಾಕೆ ಬೇಕು? ಟಿಕೆಟ್ಟಿನಲ್ಲಿ ಬರೆಯುವ ಹೊತ್ತಿನಲ್ಲಿ ರನ್‌ವೇ ತನಕ ಉರುಳುವುದು, ಏರುವುದು, ಇಳಿಯಲು ಸರದಿ ಕಾಯುವುದು ಎಲ್ಲ ಸೇರಿರುತ್ತದೆ. ದೂರ ಕಡಿಮೆಯಾದಷ್ಟೂ ಈ ಪಾಲೇ ಹೆಚ್ಚು.

ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಷಾಬಾದಿನಲ್ಲಿ ಐದು ತಾಸು ಕಾದೆ. ಎರಡು ಬೇರೆ ಬೇರೆ ಟಿಕೆಟ್ ಆದ್ದರಿಂದ ಲಗೇಜು ಬಿಡಿಸಿಕೊಂಡು ಹೊರಬಂದು, ಮತ್ತೆ ಕೊಟ್ಟು, ಮತ್ತೆ ತಪಾಸಣೆ. ಸಣ್ಣ ಊರುಗಳ ಪ್ರಯಾಣಿಕರ ಸಮಯ ಹೋಗುವುದು ಇಲ್ಲೇ. ವೇಳಾಪಟ್ಟಿ ಒಂದಕ್ಕೊಂದು ಹೊಂದಿಸಿದರೆ ನಮ್ಮ ಅರ್ಧ ದಿನ ಉಳಿಯುತ್ತದೆ, ಅದನ್ನು ಯಾರಾದರೂ ಮಾಡಲೇಬೇಕು.

ಝಾರ್ಸುಗುಡ ಹತ್ತಿರವಾದಂತೆ ಕೆಳಗೆ ಹಿರಾಕುಡ್ ಜಲಾಶಯ. 1957ರಲ್ಲಿ ಉದ್ಘಾಟನೆಯಾದ ಈ ಅಣೆಕಟ್ಟು ಏರಿಗಳೂ ಸೇರಿ ಸುಮಾರು 25 ಕಿ.ಮೀ. ಉದ್ದ. ಹೊಸಪೇಟೆ ಡ್ಯಾಮಿನ ನೀರು ನೋಡುತ್ತಲೇ ಬೆಳೆದ ನನಗೂ ಆ ಮಹಾನದಿಯ ಹರವು ಬೆರಗು ಹುಟ್ಟಿಸಿತು. ನಿಲ್ದಾಣಕ್ಕೆ ಸಂಬಲ್ಪುರದ ಹೋರಾಟಗಾರ ವೀರ ಸುರೇಂದ್ರ ಸಾಯಿ ಅವರ ಹೆಸರು. ಹೊರಗೆ ನಿಂತಿದ್ದ ಹುಡುಗ ಕೇಳಿದ ಮೊದಲ ಮಾತು, "ಶೇಂಗಾ ಚಟ್ನಿ ತಂದೀರೇನ್ ಮಾವ?"

ವಾಪಸ್ ಬರುವಾಗ ಹೈದರಾಬಾದಿಗೆ ಸೀಟು ಸಿಗದೆ ಬೆಂಗಳೂರಿಗೆ ಹಾರಿದೆ, ಎರಡು ತಾಸಿನ ಆಸುಪಾಸು. ಅಲ್ಲಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬಳ್ಳಾರಿ ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು. ಮುಂದಿನ ಸಲ ಹೈದರಾಬಾದಿನ ಸೀಟು ಹೋಗುವಾಗಲೇ ಎರಡೂ ಕಡೆಗೆ ಕಾದಿರಿಸುತ್ತೇನೆ.