ಮೂರನೆಯ ಬ್ಯಾಂಡ್

ಕಳೆದ ಬೇಸಿಗೆಯಲ್ಲಿ, ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿ ಆರ್‌ಎನ್‌ಎ ಟ್ಯೂಬುಗಳನ್ನು ಐಸ್ ಪೆಟ್ಟಿಗೆಯಿಂದ ಹೊರತೆಗೆಯಲೂ ಹಿಂಜರಿಯುತ್ತಿದ್ದ ದಿನಗಳಲ್ಲಿ, ನನ್ನ ವಿದ್ಯಾರ್ಥಿನಿಯೊಬ್ಬಳು ಜೆಲ್ ಚಿತ್ರವೊಂದನ್ನು (ಡಿಎನ್‌ಎ ತುಣುಕುಗಳು ಉದ್ದಕ್ಕೆ ತಕ್ಕಂತೆ ಬ್ಯಾಂಡ್‌ಗಳಾಗಿ, ಅಂದರೆ ಪಟ್ಟೆಗಳಾಗಿ, ಬೇರ್ಪಟ್ಟ ಚಿತ್ರ) ತಂದು ತೋರಿಸಿದಳು. ಎಸ್‌ಎಂಎನ್2 ಜೀನಿನ ಏಳನೆಯ ಎಕ್ಸಾನ್ (ಆರ್‌ಎನ್‌ಎ ಪ್ರತಿಯಲ್ಲಿ ಉಳಿಯಬೇಕಾದ ತುಣುಕು) ಉಳಿದ ರೂಪಕ್ಕೊಂದು, ಬಿಟ್ಟುಹೋದ ರೂಪಕ್ಕೊಂದು ಎಂದು ಎರಡೇ ಬ್ಯಾಂಡ್ ಇರಬೇಕಿದ್ದಲ್ಲಿ, ಅವೆರಡರ ಮೇಲೆ ಮೂರನೆಯದೊಂದು ಇತ್ತು. ಹೊಸ ರೂಪ ಸಿಕ್ಕಿತೆಂದು ಅವಳು ನಂಬಿದ್ದಳು. ಒಂದು ದಿನದ ಮಟ್ಟಿಗೆ ನಾನೂ ನಂಬಿದೆ.

ಈ ಎಕ್ಸಾನ್ ಕೇವಲ 54 ಡಿಎನ್‌ಎ ಅಕ್ಷರಗಳಷ್ಟು ಉದ್ದವಿದೆ. ಅದರೊಳಗೆ ಸಿ ಇರಬೇಕಾದಲ್ಲಿ ಟಿ ಇರುವುದರಿಂದ ಎಸ್‌ಎಂಎನ್2 ಜೀನಿನ ಬಹುಪಾಲು ಆರ್‌ಎನ್‌ಎ ಪ್ರತಿಗಳಲ್ಲಿ ಅದು ಬಿಟ್ಟುಹೋಗುತ್ತದೆ. ಇದರ ಅವಳಿ ಜೀನ್ ಎಸ್‌ಎಂಎನ್1 ಕಳೆದುಕೊಂಡ ಮಕ್ಕಳಿಗೆ, ಸ್ನಾಯುಗಳು ಕ್ಷೀಣಿಸುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ರೋಗ ಬರುವುದು ಎಸ್‌ಎಂಎನ್2 ಇದೇ ಕಾರಣಕ್ಕೆ ಆ ಕೊರತೆಯನ್ನು ತುಂಬಲಾರದ್ದರಿಂದ. ಅಮೆರಿಕದಲ್ಲಿ 2016ರಲ್ಲಿ ಅನುಮತಿ ಪಡೆದ ನುಸಿನರ್ಸೆನ್ ಔಷಧ ಆ ಎಕ್ಸಾನನ್ನು ಮರಳಿ ಸೇರಿಸುತ್ತದೆಯಾದ್ದರಿಂದ, ಎಷ್ಟು ಸೇರಿತು ಎಂಬ ಅಳತೆ ಇಲ್ಲಿ ಮಗುವಿನ ಬದುಕಿಗೇ ಸಂಬಂಧಿಸಿದ್ದು.

ಆರು ಮತ್ತು ಎಂಟನೆಯ ಎಕ್ಸಾನ್‌ಗಳಲ್ಲಿ ಪ್ರೈಮರ್ (ನಕಲು ಶುರುಮಾಡುವ ಚಿಕ್ಕ ಎಳೆ) ಇಟ್ಟು, ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎಯನ್ನು ನಕಲಿಸಿ ಹೆಚ್ಚಿಸುವ ಪಿಸಿಆರ್ ಅನ್ನು ನಾವು 35 ಸೈಕಲ್, ಅಂದರೆ 35 ಸುತ್ತು ಓಡಿಸಿದ್ದೆವು. ಅಷ್ಟು ಹೊತ್ತಿಗೆ ಪ್ರೈಮರ್ ಕ್ಷೀಣಿಸಿ, ಉದ್ದನೆಯ ಎಳೆಯೊಂದು ಗಿಡ್ಡ ಎಳೆಯೊಂದರ ಜೊತೆ ಹೆಣೆದುಕೊಂಡು, ಜೋಡಿ ಸಿಗದ 54 ಅಕ್ಷರಗಳು ಕುಣಿಕೆಯಾಗಿ ಹೊರಚಾಚುತ್ತವೆ. ಇಂಥ ಮಿಶ್ರಜೋಡಿ ಜೆಲ್‌ನಲ್ಲಿ ನಿಧಾನವಾಗಿ ಸರಿಯುವುದರಿಂದ ಮೇಲೆ ನಿಲ್ಲುತ್ತದೆ. ಯೂರಿಯಾ ಜೆಲ್‌ನಲ್ಲಿ ಎಳೆಗಳನ್ನು ಬಿಡಿಸಿ ಓಡಿಸಿದಾಗ ಮೂರನೆಯ ಬ್ಯಾಂಡ್ ಮಾಯವಾಯಿತು. ವಿದ್ಯಾರ್ಥಿನಿಯ ಮುಖ ಬಾಡಿತು, ಆದರೆ ಅವಳೇ ಮರುದಿನ 22, 25, 28 ಸೈಕಲ್‌ಗಳಲ್ಲಿ ಪ್ರಯೋಗ ನಿಲ್ಲಿಸಿ, ಎರಡು ಬ್ಯಾಂಡ್‌ಗಳ ಅನುಪಾತ ಬದಲಾಗದ ಹಂತವನ್ನು ಗುರುತಿಸಿದಳು.

ಬ್ಯಾಂಡ್‌ನ ಹೊಳಪನ್ನು ನೇರವಾಗಿ ಓದುವುದೂ ತಪ್ಪು. ಉದ್ದನೆಯ ತುಣುಕು ಹೆಚ್ಚು ಬಣ್ಣ ಹಿಡಿಯುತ್ತದೆ. 300 ಮತ್ತು 246 ಅಕ್ಷರಗಳ ಎರಡು ತುಣುಕುಗಳು ಸಮನಾಗಿ ಹೊಳೆದರೆ ಎಕ್ಸಾನ್ ಉಳಿದ ಪ್ರಮಾಣ ಶೇ. 50 ಅಲ್ಲ, ಸುಮಾರು ಶೇ. 45. ಆರ್‌ಎನ್‌ಎ ಸೀಕ್ವೆನ್ಸಿಂಗ್‌ನಲ್ಲೂ ಇಂಥದೇ ತಿದ್ದುಪಡಿ ಬೇಕು: ಎಕ್ಸಾನ್ ಉಳಿದಾಗ 6–7, 7–8 ಎಂಬ ಎರಡು ಸಂಧಿಗಳು (ಎಕ್ಸಾನ್‌ಗಳು ಕೂಡುವ ಜಾಗಗಳು) ಸಿಗುತ್ತವೆ, ಬಿಟ್ಟುಹೋದಾಗ 6–8 ಒಂದೇ. ಆದ್ದರಿಂದ ಮೊದಲಿನ ಎರಡರ ಸರಾಸರಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನೊಂದು ಕೆಲಸ ಉಳಿದಿತ್ತು. ಅದೇ ಪ್ರೈಮರ್‌ಗಳು ಎಸ್‌ಎಂಎನ್1 ಪ್ರತಿಗಳನ್ನೂ ನಕಲಿಸಿ ಹೆಚ್ಚಿಸುತ್ತವೆ. ಡಿಡಿಇ-1 ಕಿಣ್ವ ಎಂಟನೆಯ ಎಕ್ಸಾನ್‌ನಲ್ಲಿ ಎಸ್‌ಎಂಎನ್2 ಪ್ರತಿಯನ್ನು ಮಾತ್ರ ಕತ್ತರಿಸುವುದರಿಂದ, ಅದನ್ನು ಬಳಸಿ ಎರಡನ್ನೂ ಬೇರ್ಪಡಿಸಿದ ಮೇಲೆಯೇ ಅವಳು ತನ್ನ ನೋಟ್‌ಬುಕ್‌ನಲ್ಲಿ ಅಂಕಿಯನ್ನು ಶಾಯಿಯಲ್ಲಿ ಬರೆದಳು.