ಆರು ಮೂಲೆಯ ನಕ್ಷತ್ರ

ನಾಲ್ಕನೇ ತರಗತಿಯಲ್ಲಿ ನಮಗೆ ಪಾಠ ಹೇಳಿದ ಮೇಷ್ಟ್ರು ತೀರಿಕೊಂಡ ಸುದ್ದಿ ತಲುಪಿದ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ, ಹಳೆಯ ಕಾಗದಗಳ ನಡುವಿನಿಂದ ಆ ವರ್ಷದ ಉಕ್ತಲೇಖನದ ಪುಸ್ತಕವನ್ನು ಹುಡುಕಿ ತೆಗೆದದ್ದು. ಪಠ್ಯಪುಸ್ತಕದಲ್ಲಿದ್ದ ಒಂದು ಪಾಠದ ಹೆಸರೂ ಈಗ ನೆನಪಿಲ್ಲ. ಆದರೆ ವಾರದ ಯಾವ ದಿನ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಕಾಯಬೇಕು ಎಂಬುದು ಮಾತ್ರ ಮೈಗೆ ಅಂಟಿದಂತೆ ಉಳಿದಿದೆ.

ಸೋಮವಾರ ಮಗ್ಗಿಯ ದಿನ. ಎಲ್ಲರೂ ಒಟ್ಟಾಗಿ ರಾಗ ಎಳೆದು ಒಪ್ಪಿಸುವಾಗ ಬಾರದವನೂ ಬಾಯಾಡಿಸಿ ಪಾರಾಗುತ್ತಾನೆಂಬುದನ್ನು ಬಲ್ಲ ಮೇಷ್ಟ್ರು, ಥಟ್ಟನೆ ಒಬ್ಬನತ್ತ ತಿರುಗಿ ‘ಏಳೆಂಟ್ಲ ಎಷ್ಟಯ್ಯ?’ ಎಂದು ನಡುವಿನಿಂದ ಕೇಳುತ್ತಿದ್ದರು. ಒಂಬತ್ತರ ಮಗ್ಗಿಯನ್ನು ಮಾತ್ರ ಅವರು ಬಾಯಿಪಾಠಕ್ಕೆ ಬಿಡಲಿಲ್ಲ. ಅದನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆಸಿ, ಹತ್ತರ ಸ್ಥಾನ ಒಂದೊಂದೇ ಏರುತ್ತ ಬಿಡಿಯ ಸ್ಥಾನ ಒಂದೊಂದೇ ಇಳಿಯುವುದನ್ನೂ, 18, 27, 36 ಯಾವುದನ್ನು ತೆಗೆದುಕೊಂಡರೂ ಅಂಕಿಗಳ ಮೊತ್ತ ಒಂಬತ್ತೇ ಆಗುವುದನ್ನೂ ನಾವಾಗಿ ಕಂಡುಕೊಳ್ಳುವವರೆಗೆ ಸುಮ್ಮನೆ ಕುಳಿತಿದ್ದರು. ಬುಧವಾರ ಎಲೆಗಳನ್ನು ಕಾಗದದಡಿ ಇಟ್ಟು ಪೆನ್ಸಿಲಿನಿಂದ ಉಜ್ಜಿ ನರಗಳನ್ನು ಮೂಡಿಸುತ್ತಿದ್ದೆವು. ಮನೆಗೆಲಸವೆಂದರೆ ದಿನಕ್ಕೆ ಒಂದು ಪುಟ ಶುದ್ಧಬರಹ, ಐದು ಲೆಕ್ಕ, ಅಷ್ಟೇ; ಹೊಗಳಿಸಿಕೊಳ್ಳಲು ನಾಲ್ಕು ಪುಟ ಬರೆದು ತಂದವನಿಗೆ ಬೈಗುಳವೇ ಸಿಗುತ್ತಿತ್ತು.

ಶುಕ್ರವಾರದ ಉಕ್ತಲೇಖನವೇ ವಾರದ ಶಿಖರ. ಇಪ್ಪತ್ತು ಪದಗಳಲ್ಲಿ ಹನ್ನೆರಡು ಆ ವಾರದ ಪಾಠದವು, ಉಳಿದ ಎಂಟು ನಾವು ಮರೆತು ನಿಶ್ಚಿಂತೆಯಿಂದಿದ್ದ ಹಿಂದಿನ ವಾರಗಳವು. ಇದು ಅನ್ಯಾಯವೆಂದು ಆಗ ಗೊಣಗಿದ್ದೆವು. ಕಲಿತದ್ದು ಮೊದಲ ಕೆಲವು ದಿನಗಳಲ್ಲೇ ಬಹುಪಾಲು ಸೋರಿಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ನೆನೆದರೆ ನಿಲ್ಲುತ್ತದೆ ಎಂಬುದನ್ನು ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿದ್ದನೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಮೇಷ್ಟ್ರು ಅದನ್ನು ಓದಿದ್ದರೋ, ಅನುಭವದಿಂದ ಕಂಡುಕೊಂಡಿದ್ದರೋ, ಕೇಳಲಿಲ್ಲ.

ಬಹುಮಾನ ಒಂದೇ: ಪುಟದ ಅಂಚಿನಲ್ಲಿ ಕೆಂಪು ಶಾಯಿಯ ಐದು ಮೂಲೆಯ ನಕ್ಷತ್ರ. ಅದು ಯಾವುದಕ್ಕೆ ಸಿಗುತ್ತದೆಂದು ಅವರು ಎಂದೂ ಮೊದಲೇ ಹೇಳುತ್ತಿರಲಿಲ್ಲ. ಒಂದು ವಾರ ಇಪ್ಪತ್ತಕ್ಕೆ ಇಪ್ಪತ್ತು ಸರಿ ಬರೆದವಳಿಗೆ ಸಿಕ್ಕರೆ, ಮರುವಾರ ಹನ್ನೊಂದು ತಪ್ಪನ್ನು ಆರಕ್ಕೆ ಇಳಿಸಿಕೊಂಡ ಹಿಂದಿನ ಬೆಂಚಿನವನಿಗೆ ಸಿಗುತ್ತಿತ್ತು. ನನಗೆ ಎರಡು ತಿಂಗಳಾದರೂ ಸಿಗಲಿಲ್ಲ. ಕೊನೆಗೆ ಒಂದು ಕೆಂಪು ಪೆನ್ನು ಸಂಪಾದಿಸಿ ನಾನೇ ಹಾಕಿಕೊಂಡೆ.

ಅವರ ನಕ್ಷತ್ರ ಕೈಯೆತ್ತದೆ ಎಳೆದ ಐದು ಗೆರೆಗಳದ್ದು. ನನ್ನದು ಒಂದರ ಮೇಲೊಂದು ಬಿದ್ದ ಎರಡು ತ್ರಿಕೋನ, ಆರು ಮೂಲೆ. ಮರುದಿನ ಪುಸ್ತಕ ನೋಡಿದ ಮೇಷ್ಟ್ರು ಮುಖದ ಒಂದು ಗೆರೆಯನ್ನೂ ಕದಲಿಸದೆ ನನ್ನನ್ನು ಬೋರ್ಡಿನ ಬಳಿ ಕರೆದು, ‘ನೀನು ನಕ್ಷತ್ರ ಚೆನ್ನಾಗಿ ಬಿಡಿಸ್ತೀಯ ಕಣೋ, ಒಂದು ಮೂಲೆ ಹೆಚ್ಚಾಯಿತು ಅಷ್ಟೆ’ ಎಂದರು. ನಾನು ‘ಇಲ್ಲ ಸಾರ್’ ಎಂದೆ. ಯಾವುದು ಇಲ್ಲವೆಂದು ನನಗೇ ತಿಳಿದಿರಲಿಲ್ಲ. ಐದು ಮೂಲೆಯದನ್ನು ಹತ್ತು ಸಲ ಬರೆಸಿ ಕೈ ತಿದ್ದಿದ ಮೇಲೆ, ಮುಂದಿನ ನಾಲ್ಕು ಶುಕ್ರವಾರ ಇಡೀ ತರಗತಿಯ ಪುಸ್ತಕ ತಿದ್ದಿ ಯಾರಿಗೆ ನಕ್ಷತ್ರ ಎಂದು ನಾನೇ ತೀರ್ಮಾನಿಸಬೇಕೆಂದರು. ನನಗೆ ಮಾತ್ರ ಹಾಕಿಕೊಳ್ಳುವಂತಿರಲಿಲ್ಲ. ಮೂವತ್ತೆಂಟು ಪುಸ್ತಕಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಅದಲುಬದಲು, ಕಳೆದುಹೋದ ಒತ್ತಕ್ಷರ, ಓಡಿಹೋದ ಹಕಾರ ಇವನ್ನೆಲ್ಲ ಬೆನ್ನಟ್ಟುತ್ತ ನನ್ನ ಬರವಣಿಗೆಯ ತಪ್ಪುಗಳೂ ಉದುರಿದವು. ಮುಂದೆ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲೇ ನನ್ನ ಆಯುಷ್ಯ ಕಳೆಯಿತು. ನನ್ನ ಕಣ್ಣು ತಪ್ಪಿಸಿದ ದೀರ್ಘವಿಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಿದ್ದರು, ಹೇಳಿದ್ದನ್ನು ಬರೆದರೆ ಜಂಬವೆನ್ನಬಾರದು.

ಮೊಮ್ಮಗಳ ಶಾಲೆಯಲ್ಲಿ ಈಗ ಗೋಡೆಯ ಮೇಲೆ ಪಟ್ಟಿಯೇ ಇದೆ: ಇಷ್ಟು ಪುಟಕ್ಕೆ ಇಷ್ಟು ಸ್ಟಿಕ್ಕರ್. ಮನೆಗೆಲಸ ಅವಳಪ್ಪನ ಫೋನಿಗೆ ಬರುತ್ತದೆ, ಅರ್ಧ ಅವನೇ ಮಾಡುತ್ತಾನೆ. ಬಹುಮಾನವಿದೆಯೆಂದು ಮೊದಲೇ ಹೇಳಿ ಚಿತ್ರ ಬರೆಸಿದ ಮಕ್ಕಳು ಮುಂದೆ ತಾವಾಗಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದರು, ಹೇಳದೆ ಕೊಟ್ಟಾಗ ಹಾಗಾಗಲಿಲ್ಲ ಎಂದು ಮನಶ್ಶಾಸ್ತ್ರಜ್ಞ ಲೆಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವಳ ಟೀಚರಿಗೆ ವಿವರಿಸಲು ಹೋಗಿ, ‘ಹೌದಾ ಅಂಕಲ್’ ಎನ್ನಿಸಿಕೊಂಡು ಬಂದೆ. ಆ ಮಗುವಿಗೆ ಒಂದು ವಾರವೂ ನಕ್ಷತ್ರ ತಪ್ಪುವುದಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ನಮ್ಮ ತರಗತಿಯಲ್ಲಿ ವರ್ಷವಿಡೀ ಒಂದೂ ಸಿಗದವರಿದ್ದರು.

ಹುಡುಕಿ ತೆಗೆದ ಪುಸ್ತಕದಲ್ಲಿ ನನ್ನ ಆರು ಮೂಲೆಯ ನಕ್ಷತ್ರ ಹಾಗೆಯೇ ಇದೆ. ಮೇಷ್ಟ್ರು ಅದನ್ನು ಹೊಡೆದುಹಾಕಿಲ್ಲ; ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ ಹಾಕಿ ತಾರೀಖು ಬರೆದಿದ್ದಾರೆ. ಏಕೆಂದು ಹಿಂದೊಮ್ಮೆ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಅವರನ್ನೇ ಕೇಳಬೇಕೆಂದು ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಸುತ್ತ ಜನವಿದ್ದರು, ಹೊರಗೆ ತೆಗೆಯಲು ನಾಚಿಕೆಯಾಯಿತು.